46 ಕೆಜಿಯಿಂದ 12ಕ್ಕೆ: ಗರಗಸ ಹಗುರ ಮಾಡಿದವನು ಇಳಿಸಲಾಗದ ಭಾರ

ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೋ, ಹೊಸನಗರದಿಂದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಕಡೆಗೋ ಓಡಾಡುವವರಿಗೆ ಇದು ಗೊತ್ತಿರುವ ದೃಶ್ಯ. ಗಾಳಿಗೆ ಮರ ಅಡ್ಡ ಬಿದ್ದಿದೆ. ಎರಡೂ ಕಡೆ ಬಸ್ಸು, ಬೈಕು, ಪಿಕಪ್ ಸಾಲು. ಕರೆಂಟ್ ಹೋಗಿ ಎರಡು ದಿನ. ಯಾರೋ ಯಾರಿಗೋ ಫೋನ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಜೀಪಿನ ಹಿಂದೆ ಮೆಷಿನ್ ಗರಗಸ ಹಾಕಿಕೊಂಡು ಒಬ್ಬ ಬರುತ್ತಾನೆ. ಹಗ್ಗ ನಾಲ್ಕು ಸಲ ಜಗ್ಗುತ್ತಾನೆ, ಐದನೇ ಸಲಕ್ಕೆ ಎಂಜಿನ್ ಹತ್ತುತ್ತದೆ. ಅರ್ಧ ಗಂಟೆಯಲ್ಲಿ ರಸ್ತೆ ಖಾಲಿ.

ಅದೇ ಮೆಷಿನ್ ಇನ್ನೊಂದು ರಾತ್ರಿ ಕಾಡಿನೊಳಗೆ ಸದ್ದು ಮಾಡಿದರೆ ಊರವರು ಕಿವಿ ನಿಮಿರಿಸುತ್ತಾರೆ. ಸದ್ದು ಒಂದೇ, ಅರ್ಥ ಬೇರೆ.

ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಅಡಿಕೆ ತೋಟ ಇರುವ ಮನೆಗಳಿಗೆ ಈ ಯಂತ್ರ ಈಗ ಮದ್ದು ಹೊಡೆಯುವ ಪಂಪಿನಷ್ಟೇ ಮಾಮೂಲಿ. ಕಿತ್ತಳೆ ಮತ್ತು ಬಿಳಿ ಬಣ್ಣದ ಒಂದು ಬ್ರ್ಯಾಂಡ್ ಅಂತೂ ಎಲ್ಲರಿಗೂ ಗೊತ್ತು. ಅದರ ಮೇಲಿನ ಹೆಸರನ್ನು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಜರ್ಮನ್ ಉಚ್ಚಾರದಲ್ಲಿ ಅದು ಶ್ಟೀಲ್. ಅದು ಕಂಪನಿಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು: ಆಂಡ್ರಿಯಾಸ್ ಶ್ಟೀಲ್, ಮೆಕ್ಯಾನಿಕಲ್ ಎಂಜಿನಿಯರ್, 1896–1973. ಚೈನ್‌ಸಾ ಜನಕ ಎಂದು ಕ್ಯಾಟಲಾಗುಗಳು ಹೊಗಳುವ ಈತನ ಬದುಕಿನಲ್ಲಿ ಕ್ಯಾಟಲಾಗು ಹೇಳದ ಒಂದು ಅಧ್ಯಾಯವೂ ಇದೆ. ಎಂಜಿನಿಯರಿಂಗ್ ಓದಿ, ನಮ್ಮದು ಟೆಕ್ನಿಕಲ್ ಕೆಲಸ, ನಮಗ್ಯಾಕೆ ರಾಜಕೀಯ ಅನ್ನುವ ಗೆಳೆಯರು ನಿಮಗೂ ಇದ್ದರೆ, ಈ ಕತೆ ಅವರಿಗೂ ಸಂಬಂಧಪಟ್ಟದ್ದು.

ಆಪರೇಷನ್ ಥಿಯೇಟರಿನಿಂದ ಕಾಡಿಗೆ

ಮೊದಲೊಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಚೈನಿಗೆ ಹಲ್ಲು ಕಟ್ಟಿ ಕೊಯ್ಯುವ ಯೋಚನೆ ಶ್ಟೀಲ್‌ನದ್ದಲ್ಲ, ಮರಕ್ಕಾಗಿ ಹುಟ್ಟಿದ್ದೂ ಅಲ್ಲ. 18ನೇ ಶತಮಾನದ ಕೊನೆಯಲ್ಲಿ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಎಂಬ ಸ್ಕಾಟ್ಲೆಂಡಿನ ವೈದ್ಯರು ಮೂಳೆ ಕೊಯ್ಯಲು ಹಲ್ಲಿನ ಸರಪಳಿ ಬಳಸಿದರು. ಕಷ್ಟದ ಹೆರಿಗೆಗಳಲ್ಲಿ ತಾಯಿಯ ಸೊಂಟದ ಮೂಳೆಯ ಸಂದು ಬಿಡಿಸಲೂ ಅದು ಬಳಕೆಯಾಯಿತು. 1830ರ ಹೊತ್ತಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಅದಕ್ಕೊಂದು ಪಟ್ಟಿ, ಒಂದು ಹಿಡಿ, ತಿರುಗಿಸುವ ಗಾಲಿ ಕೂಡಿಸಿದ. ಇವತ್ತಿನ ಚೈನ್‌ಸಾದ ಆಕಾರ ಹೆಚ್ಚುಕಡಿಮೆ ಅಲ್ಲೇ ಇತ್ತು. ಇಲ್ಲದಿದ್ದದ್ದು ಎಂಜಿನ್ ಮಾತ್ರ.

ಕಾಡಿನಲ್ಲಿ ಮಾತ್ರ ಮನುಷ್ಯನೇ ಎಂಜಿನ್. ಜರ್ಮನಿಯ ಕಾಡಿನಲ್ಲೂ ಅಷ್ಟೇ, ಮಲೆನಾಡಿನಲ್ಲೂ ಅಷ್ಟೇ. ಮರ ಉರುಳಿಸಲು ಕೊಡಲಿ. ದಿಮ್ಮಿ ಸೀಳಲು ಮೇಲೊಬ್ಬ ಕೆಳಗೊಬ್ಬ ನಿಂತು ಎಳೆದಾಡುವ ದೊಡ್ಡ ಗರಗಸ. ಕೆಳಗಿನವನ ಕಣ್ಣಿಗೆ ಇಡೀ ದಿನ ಮರದ ಪುಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದಾಗ ಅದು ಉರಿದದ್ದು ಕಲ್ಲಿದ್ದಲಿನಿಂದಲ್ಲ, ಈ ಭಾಗದ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಆ ಮರಗಳಷ್ಟೂ ಕೂಲಿಯವರ ತೋಳಿನ ಬಲದಿಂದಲೇ ಉರುಳಿದವು. ಅದೇ ಹೊತ್ತಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ಯುವಕ ಬಾಯ್ಲರ್ ಬಿಡಿಭಾಗ ಮಾರಿಕೊಂಡು ಸಾಮಿಲ್ಲುಗಳಿಗೆ ತಿರುಗುತ್ತಿದ್ದ.

ಬಾಯ್ಲರ್ ಮಾರುವವನ ಕಣ್ಣಿಗೆ ಬಿದ್ದದ್ದು

ಶ್ಟೀಲ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, 1896ರ ನವೆಂಬರ್ 10ರಂದು. ಬೆಳೆದು ನೆಲೆ ನಿಂತದ್ದು ಜರ್ಮನಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದು, ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ಸೋತ ದೇಶ, ದಿನಕ್ಕೊಂದು ಬೆಲೆಯ ನೋಟು, ಕೆಲಸವಿಲ್ಲದ ಪದವೀಧರರು. ಪಾಲುದಾರನೊಬ್ಬನ ಜೊತೆ ಎಂಜಿನಿಯರಿಂಗ್ ಕಚೇರಿ ನಡೆಸಿ, 1926ರಲ್ಲಿ ಸ್ಟುಟ್‌ಗಾರ್ಟಿನ ಕಾನ್‌ಸ್ಟಾಟ್ ಎಂಬಲ್ಲಿ ಸ್ವಂತ ಕಂಪನಿ ತೆರೆದ. ಬೋರ್ಡಿನ ಮೇಲಿದ್ದದ್ದು ಗರಗಸವಲ್ಲ. ಉಗಿ ಬಾಯ್ಲರ್‌ನ ಮುಂದೆ ಕೂಡಿಸುವ ಒಲೆಯ ವ್ಯವಸ್ಥೆ.

ಆ ಬಾಯ್ಲರುಗಳ ಗಿರಾಕಿಗಳಲ್ಲಿ ಸಾಮಿಲ್ಲಿನವರೂ ಇದ್ದರು. ಅಲ್ಲಿ ಈತ ಕಂಡದ್ದು ಸರಳ ಸಂಗತಿ. ಮಿಲ್ಲಿನೊಳಗೆ ಉಗಿಯಂತ್ರ ಓಡುತ್ತಿದೆ, ಆದರೆ ಮರ ಮಿಲ್ಲಿನ ಬಾಗಿಲಿಗೆ ಬರುವವರೆಗಿನ ಕೆಲಸವೆಲ್ಲ ಮನುಷ್ಯನ ಬೆನ್ನಿನ ಮೇಲೆ. ಮರವನ್ನು ಯಂತ್ರದ ಹತ್ತಿರ ತರುವ ಬದಲು ಯಂತ್ರವನ್ನೇ ಮರದ ಹತ್ತಿರ ಒಯ್ದರೆ? ಈ ಪ್ರಶ್ನೆಯ ಮೇಲೆ ಆತ ಉಳಿದ ಬದುಕನ್ನೆಲ್ಲ ಕಳೆದ.

1926ರ ಮೊದಲ ಯಂತ್ರ ವಿದ್ಯುತ್ತಿನದ್ದು. ಇಬ್ಬರು ಹಿಡಿಯಬೇಕು, ಕಾಡಿನಲ್ಲಿ ಕರೆಂಟ್ ಬೇಕು. 1929ರಲ್ಲಿ ಪೆಟ್ರೋಲ್ ಎಂಜಿನ್ ಬಂತು: 6 ಅಶ್ವಶಕ್ತಿ, 46 ಕೆಜಿ. ಒಂದು ಮೂಟೆ ಭತ್ತದಷ್ಟು ಭಾರದ, ಉರಿಯುವ, ಅದುರುವ ಯಂತ್ರವನ್ನು ಇಬ್ಬರು ಹೊತ್ತು ಗುಡ್ಡ ಹತ್ತಬೇಕಿತ್ತು. ಇಲ್ಲೂ ಈತ ಒಬ್ಬನೇ ಅಲ್ಲ. ಅದಕ್ಕೆ ಎರಡು ವರ್ಷ ಮೊದಲೇ, 1927ರಲ್ಲಿ, ಎಮಿಲ್ ಲೆರ್ಪ್ ಎಂಬಾತ ಜರ್ಮನಿಯ ಥುರಿಂಗಿಯಾದ ಡೋಲ್ಮಾರ್ ಬೆಟ್ಟದ ಮೇಲೆ ತನ್ನ ಪೆಟ್ರೋಲ್ ಗರಗಸ ಓಡಿಸಿ ತೋರಿಸಿದ್ದ. ಆ ಬೆಟ್ಟದ ಹೆಸರೇ ಡೋಲ್ಮಾರ್ ಕಂಪನಿಯಾಯಿತು. ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಬೇಕು ಅನ್ನುವುದು ಜಾಹೀರಾತಿನ ಆಸೆ. ಕಾರ್ಖಾನೆಗಳ ಚರಿತ್ರೆ ಹಾಗೆ ನಡೆಯುವುದಿಲ್ಲ.

ಶ್ಟೀಲ್‌ನ ಜಾಣತನ ಇದ್ದದ್ದು ಬಿಡದೆ ತಿದ್ದುವುದರಲ್ಲಿ. ಎಂಜಿನ್ ನಿಧಾನಕ್ಕೆ ಓಡುವಾಗ ಚೈನು ತಾನಾಗಿ ನಿಲ್ಲುವ ಸೆಂಟ್ರಿಫ್ಯೂಗಲ್ ಕ್ಲಚ್, ಚೈನಿಗೆ ತಾನಾಗಿ ಎಣ್ಣೆ ಹೋಗುವ ವ್ಯವಸ್ಥೆ, ಎರಡೂ 1930ರ ದಶಕದಲ್ಲಿ ಈ ಗರಗಸಗಳಿಗೆ ಸೇರಿದವು. ಜಗತ್ತು ಆರ್ಥಿಕ ಕುಸಿತದಲ್ಲಿದ್ದಾಗ ಸೋವಿಯತ್ ರಷ್ಯಾಕ್ಕೂ ಉತ್ತರ ಅಮೆರಿಕಕ್ಕೂ ಗರಗಸ ರಫ್ತಾಯಿತು. ಕಮ್ಯುನಿಸ್ಟರ ಕಾಡಿಗೂ ಬಂಡವಾಳಿಗರ ಕಾಡಿಗೂ ಒಂದೇ ಯಂತ್ರ. ಯಂತ್ರಕ್ಕೆ ರಾಜಕೀಯವಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೆ ಯಂತ್ರ ಮಾಡುವವನಿಗೆ?

ಜೊತೆಗೆ ಓಡಿದವನು

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ಆಂಡ್ರಿಯಾಸ್ ಶ್ಟೀಲ್ ನಾಜಿ ಪಕ್ಷ ಸೇರಿದ. 1935ರಲ್ಲಿ ಎಸ್ಎಸ್ ಸೇರಿದ. ಎಸ್ಎಸ್ ಅಂದರೆ ಯಾವುದೋ ಉದ್ಯಮಿಗಳ ಕ್ಲಬ್ ಅಲ್ಲ. ಡಕಾವ್ ಬಂದೀಖಾನೆ ಆಗಲೇ ಅದರ ಕೈಯಲ್ಲಿತ್ತು, ಮುಂದೆ ಆಷ್‌ವಿಟ್ಸ್ ನಡೆಸಿದ್ದೂ ಅದೇ ಸಂಘಟನೆ. ಶ್ಟೀಲ್ ಯಾರನ್ನೋ ಕೊಂದ ಎಂದು ಹೇಳುತ್ತಿಲ್ಲ. ಆತ ಯೋಚಿಸಿ ಅರ್ಜಿ ತುಂಬಿ ಸೇರಿದ, ಅಷ್ಟೇ. ಆ ಅಷ್ಟೇ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಉದ್ಯಮ ಬೆಳೆಯಿತು. ಯುದ್ಧ ಬಂತು. ಸೇನೆಗೆ ಗರಗಸ ಬೇಕು. ಸೇತುವೆ ಕಟ್ಟಲು, ಬಂಕರ್ ಮಾಡಲು, ರಸ್ತೆ ತೆರೆಯಲು ಮರ ಬೇಕು. ಜರ್ಮನ್ ಸೇನೆಗೆಂದೇ ಗರಗಸದ ಮಾದರಿಗಳು ತಯಾರಾದವು. ಅಂಥ ಗರಗಸಗಳು ಮಿತ್ರಪಡೆಗಳ ಕೈಗೆ ಸಿಕ್ಕಾಗ ಅವರೂ ಬಿಚ್ಚಿ ನೋಡಿ ಕಲಿತರು. ಆ ವರ್ಷಗಳಲ್ಲಿ ಜರ್ಮನಿಯ ಹೊಲ, ಗಣಿ, ಕಾರ್ಖಾನೆ ನಡೆದದ್ದು ಬಲವಂತದ ದುಡಿಮೆಯ ಮೇಲೆ. ಪೋಲೆಂಡ್, ಉಕ್ರೇನ್, ರಷ್ಯಾ, ಫ್ರಾನ್ಸ್‌ಗಳಿಂದ ಹಿಡಿದು ತಂದವರು, ಯುದ್ಧಕೈದಿಗಳು, ಬಂದೀಖಾನೆಯವರು ಎಲ್ಲ ಸೇರಿ ಒಂದು ಕೋಟಿಗೂ ಹೆಚ್ಚು ಜನ. ಆ ದೇಶದಲ್ಲಿ ಉದ್ಯಮ ನಡೆಸುತ್ತ, ಆ ಸಂಘಟನೆಯ ಸದಸ್ಯನಾಗಿದ್ದು, ಇದ್ಯಾವುದೂ ತನಗೆ ಸಂಬಂಧವಿಲ್ಲ ಎನ್ನಲು ಯಾರಿಗೂ ಸಾಧ್ಯವಿರಲಿಲ್ಲ.

ಬಾಂಬ್ ದಾಳಿಯಲ್ಲಿ ಕಾನ್‌ಸ್ಟಾಟಿನ ಕಾರ್ಖಾನೆ ಹಾಳಾಯಿತು. ಕೆಲಸ ಹತ್ತಿರದ ವೈಬ್ಲಿಂಗೆನ್‌ಗೆ ಹೋಯಿತು, ಕಂಪನಿಯ ಕೇಂದ್ರ ಇವತ್ತಿಗೂ ಅಲ್ಲೇ ಇದೆ. 1945ರಲ್ಲಿ ಯುದ್ಧ ಮುಗಿದಾಗ ಎಸ್ಎಸ್ ಸದಸ್ಯತ್ವದ ಕಾರಣಕ್ಕೆ ಶ್ಟೀಲ್ ಬಂಧನಕ್ಕೊಳಗಾದ. ಹೊರಬಂದದ್ದು 1948ರಲ್ಲಿ.

ನಾಜಿ ಕಾಲದ ಜವಾಬ್ದಾರಿ ಅಳೆಯಲು ಗೆದ್ದ ದೇಶಗಳು ಐದು ದರ್ಜೆ ಮಾಡಿದ್ದವು. ಮುಖ್ಯ ಅಪರಾಧಿಗಳಿಂದ ಹಿಡಿದು ನಿರ್ದೋಷಿಗಳವರೆಗೆ. ಶ್ಟೀಲ್‌ಗೆ ಸಿಕ್ಕಿದ್ದು ನಾಲ್ಕನೆಯದು, ಮಿಟ್‌ಲಾಯ್ಫರ್. ಪದಶಃ ಅರ್ಥ, ಜೊತೆಗೆ ಓಡಿದವನು. ಜರ್ಮನಿಯಲ್ಲಿ ಲಕ್ಷಾಂತರ ಮಂದಿ ಈ ಒಂದೇ ಪೆಟ್ಟಿಗೆಯೊಳಗೆ ಬಿದ್ದರು. ಶಿಕ್ಷಕರು, ಗುಮಾಸ್ತರು, ವೈದ್ಯರು, ಕಾರ್ಖಾನೆ ಮಾಲೀಕರು. ದಂಡ ಕಟ್ಟಿ ಕೆಲಸಕ್ಕೆ ಮರಳಿದರು. ದೇಶ ಮತ್ತೆ ಕಟ್ಟಬೇಕಿತ್ತು, ಕೈಗಳು ಬೇಕಿತ್ತು, ಯಾರೂ ಹೆಚ್ಚು ಕೇಳಲಿಲ್ಲ.

ಜೊತೆಗೆ ಓಡಿದವನು. ನನಗೆ ಈ ಪದ ಅಪರಾಧಿ ಎಂಬ ಪದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಅಪರಾಧಿಯಲ್ಲಿ ನಾವು ನಮ್ಮನ್ನು ಕಾಣುವುದಿಲ್ಲ. ಇದರಲ್ಲಿ ಕಾಣುತ್ತೇವೆ. ಕಂಪನಿಗೆ ಒಳ್ಳೆಯದು ಅಂತ, ಲೈಸೆನ್ಸ್ ಸಿಗುತ್ತೆ ಅಂತ, ಎಲ್ಲರೂ ಹೋಗ್ತಿದಾರೆ ಅಂತ ಜೊತೆಗೆ ಓಡುವವರು ಯಾವ ದೇಶದಲ್ಲಿಲ್ಲ?

30 ವರ್ಷ, 34 ಕೆಜಿ

ಹೊರಬಂದ ಶ್ಟೀಲ್ ಮತ್ತೆ ಡ್ರಾಯಿಂಗ್ ಬೋರ್ಡಿಗೆ ಕೂತ. ಕೆಲವು ವರ್ಷ ಸಣ್ಣ ಡೀಸೆಲ್ ಟ್ರ್ಯಾಕ್ಟರುಗಳನ್ನೂ ಕಂಪನಿ ಮಾಡಿತು. ಗರಗಸದಲ್ಲಿ ದೊಡ್ಡ ಹೆಜ್ಜೆ 1950ರದ್ದು: ಬಿಎಲ್ ಮಾದರಿ, 16 ಕೆಜಿ, ಒಬ್ಬನೇ ಹಿಡಿಯಬಹುದಾದ ಪೆಟ್ರೋಲ್ ಗರಗಸ. 1954ರ ಬಿಎಲ್‌ಕೆ 11 ಕೆಜಿಗೆ ಇಳಿಯಿತು. 1959ರಲ್ಲಿ ಬಂತು ಕಾಂಟ್ರಾ. 6 ಅಶ್ವಶಕ್ತಿ, 12 ಕೆಜಿ.

ಹಿಂದಿನ ಅಂಕಿ ನೆನಪಿಸಿಕೊಳ್ಳಿ. 1929ರಲ್ಲೂ 6 ಅಶ್ವಶಕ್ತಿಯೇ, ಆದರೆ 46 ಕೆಜಿ. ಶಕ್ತಿ ಅಷ್ಟೇ ಇಟ್ಟು 34 ಕೆಜಿ ಕಳೆಯಲು 30 ವರ್ಷ. ವರ್ಷಕ್ಕೆ ಒಂದು ಕೆಜಿ ಚಿಲ್ಲರೆ. ಎಂಜಿನಿಯರಿಂಗ್ ಅಂದರೆ ಬಹುಪಾಲು ಇದೇ.

ಕಾಂಟ್ರಾದಲ್ಲಿ ಗೇರ್ ಇಲ್ಲ. ಕ್ರ್ಯಾಂಕ್‌ನ ತಿರುಗುವಿಕೆ ಕ್ಲಚ್ ಮೂಲಕ ನೇರ ಚೈನಿಗೆ. ಇನ್ನೊಂದು ಗುಟ್ಟು ಕಾರ್ಬ್ಯುರೇಟರಿನದ್ದು. ಹಳೆಯ ಬೈಕುಗಳಲ್ಲಿರುವಂತೆ ಪೆಟ್ರೋಲ್ ತುಂಬಿದ ಬಟ್ಟಲಿನ ಕಾರ್ಬ್ಯುರೇಟರ್ ಓರೆ ಮಾಡಿದರೆ ಎಂಜಿನ್ ನಿಲ್ಲುತ್ತದೆ. ಅದರ ಬದಲು ತೆಳು ರಬ್ಬರ್ ಪರದೆಯ ಡಯಾಫ್ರಮ್ ಇಟ್ಟರೆ ಗರಗಸ ಅಡ್ಡ ಹಿಡಿದರೂ, ತಲೆಕೆಳಗು ಮಾಡಿದರೂ ಓಡುತ್ತದೆ. ಮರ ಉರುಳಿಸುವಾಗ ಅಡ್ಡ, ಕೊಂಬೆ ಕಡಿಯುವಾಗ ಓರೆ, ದಿಮ್ಮಿ ತುಂಡು ಮಾಡುವಾಗ ನೇರ. ಎಲ್ಲಕ್ಕೂ ಒಂದೇ ಕೈಗರಗಸ.

ಹಲ್ಲಿನ ಕತೆ ಅಮೆರಿಕದ್ದು. ಆರೆಗಾನ್ ರಾಜ್ಯದ ಮರ ಕಡಿಯುವವ ಜೋ ಕಾಕ್ಸ್ 1946ರಲ್ಲಿ ಮರದ ತುಂಡಿನೊಳಗೆ ಹುಳುವೊಂದು ದಾರಿ ಕೊರೆಯುವುದನ್ನು ನೋಡುತ್ತ ಕೂತ. ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸಿ ಮರವನ್ನು ಚಕ್ಕೆಯಾಗಿ ಎಬ್ಬಿಸುತ್ತಿತ್ತು. ಅದನ್ನೇ ಅನುಕರಿಸಿ ಎಡ ಬಲ ಬಾಗಿದ ಹಲ್ಲುಗಳ ಚೈನ್ ಮಾಡಿದ. ಇವತ್ತು ಸಾಗರದ ಅಂಗಡಿಯಲ್ಲಿ ಸಿಗುವ ಚೈನೂ ಅದೇ ವಂಶದ್ದು.

ಬೆನ್ನಿನ ಭಾರ ಇಳಿದಾಗ ಹೊಸ ನೋವು ಕೈಗೆ ಬಂತು. ವರ್ಷಗಟ್ಟಲೆ ಅದುರುವ ಹಿಡಿ ಹಿಡಿದ ಕಾರ್ಮಿಕರ ಬೆರಳುಗಳಲ್ಲಿ ರಕ್ತ ಓಡದೆ ಬಿಳಿಚಿ, ಮರಗಟ್ಟಿ ಹೋಗುವ ರೋಗ. ಕಿವಿಯೂ ಹೋಯಿತು. 1960ರ ದಶಕದಲ್ಲಿ ಹಿಡಿಯನ್ನು ಎಂಜಿನ್ನಿನಿಂದ ರಬ್ಬರಿನಿಂದ ಬೇರ್ಪಡಿಸಿ ಅದುರು ತಗ್ಗಿಸುವ ವ್ಯವಸ್ಥೆ ಬಂತು. ಗರಗಸ ಹಿಮ್ಮುಖ ಎಗರಿದಾಗ ಚೈನನ್ನು ಕ್ಷಣದಲ್ಲಿ ನಿಲ್ಲಿಸುವ ಬ್ರೇಕ್ ಶ್ಟೀಲ್ ಗರಗಸಗಳಿಗೆ ಬಂದದ್ದು 1972ರಲ್ಲಿ. ಮೊದಲ ಪೆಟ್ರೋಲ್ ಗರಗಸದಿಂದ ಲೆಕ್ಕ ಹಾಕಿದರೆ 43 ವರ್ಷ ತಡವಾಗಿ. ಯಂತ್ರ ಮೊದಲು ಬರುತ್ತದೆ, ದುಡಿಯುವವನ ದೇಹದ ಲೆಕ್ಕ ಕೊನೆಗೆ ಬರುತ್ತದೆ. ಇದು ಗರಗಸಕ್ಕೆ ಮಾತ್ರ ಸೀಮಿತವಾದ ನಿಯಮವಲ್ಲ.

1973ರ ಜನವರಿ 14ರಂದು ಶ್ಟೀಲ್ ತೀರಿಕೊಂಡ, 76ರ ವಯಸ್ಸಿನಲ್ಲಿ. ಅಷ್ಟರಲ್ಲಿ ಆತನ ಕಂಪನಿ ಜಗತ್ತಿನಲ್ಲೇ ಹೆಚ್ಚು ಚೈನ್‌ಸಾ ಮಾರುವ ಕಂಪನಿಯಾಗಿತ್ತು. ಆಡಳಿತ ಮಗ ಹಾನ್ಸ್ ಪೀಟರ್ ಕೈಗೆ ಬಂತು. 2000ದಲ್ಲಿ ಜರ್ಮನಿ, ಬಲವಂತದ ದುಡಿಮೆಗೆ ಒಳಗಾದವರಿಗೆ ಪರಿಹಾರ ಕೊಡಲು ಸರ್ಕಾರ ಮತ್ತು ಉದ್ಯಮ ಅರ್ಧರ್ಧ ಹಾಕಿ 1,000 ಕೋಟಿ ಮಾರ್ಕಿನ ನಿಧಿ ಕಟ್ಟಿದಾಗ, ಇದೇ ಹಾನ್ಸ್ ಪೀಟರ್ ಜರ್ಮನ್ ವಾಣಿಜ್ಯ ಮಂಡಳಿಗಳ ಒಕ್ಕೂಟದ ಅಧ್ಯಕ್ಷನಾಗಿದ್ದು, ಪಾಲು ಕೊಡಿ ಎಂದು ಕಂಪನಿಗಳಿಗೆ ಕರೆ ಕೊಟ್ಟ. ಯುದ್ಧ ಮುಗಿದು 55 ವರ್ಷ. ದುಡಿದವರಲ್ಲಿ ಹೆಚ್ಚಿನವರು ಆಗಲೇ ಸತ್ತಿದ್ದರು. ತಡವಾಯಿತು ನಿಜ. ಆದರೆ ಅಪ್ಪನ ತಲೆಮಾರು ಮುಚ್ಚಿಟ್ಟ ಪುಸ್ತಕವನ್ನು ಮಗನ ತಲೆಮಾರು ತೆರೆಯಲೇಬೇಕಾಯಿತು.

ನಮ್ಮ ಕಾಡಿನ ಲೆಕ್ಕ

ಕಾಂಟ್ರಾ ತಯಾರಾಗುತ್ತಿದ್ದ ವರ್ಷಗಳಲ್ಲೇ ನಮ್ಮಲ್ಲಿ ಶರಾವತಿಗೆ ಅಡ್ಡ ಲಿಂಗನಮಕ್ಕಿ ಏಳುತ್ತಿತ್ತು. 1964ರಲ್ಲಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಹಳ್ಳಿ, ಗದ್ದೆ, ಕಾಡು ನೀರಿನಡಿಗೆ ಹೋದವು. ಮುಳುಗಡೆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಕಾಡು ಹೋಗಲು ಗರಗಸವೇ ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು. 1983ರಲ್ಲಿ ಪಕ್ಕದ ಶಿರಸಿಯ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತಾಗ ಅವರ ಎದುರು ನಿಂತಿದ್ದ ಕೂಲಿಯವರು ಶತ್ರುಗಳಲ್ಲ ಎಂಬುದು ಅಪ್ಪಿಕೋದವರಿಗೆ ಗೊತ್ತಿತ್ತು. ಪ್ರಶ್ನೆ ಇದ್ದದ್ದು ಕಡಿಯುವ ಗುತ್ತಿಗೆ ಕೊಟ್ಟವರ ಮೇಲೆ. ಬ್ರೆಜಿಲ್‌ನ ರಬ್ಬರ್ ಕಾರ್ಮಿಕ ನಾಯಕ ಚಿಕೊ ಮೆಂಡಿಸ್ ಕೂಡ ತನ್ನವರನ್ನು ಕಟ್ಟಿಕೊಂಡು ಚೈನ್‌ಸಾ ಹಿಡಿದ ಕೂಲಿಯವರ ಮುಂದೆ ಹೋಗಿ ನಿಂತು ಮಾತಾಡಿಸುತ್ತಿದ್ದ. 1988ರಲ್ಲಿ ಆತನನ್ನು ಕೊಂದದ್ದು ಗರಗಸದವರಲ್ಲ, ಭೂಮಾಲೀಕರ ಕಡೆಯವರು.

ಇವತ್ತು ನಮ್ಮ ಮೂರು ತಾಲ್ಲೂಕಿನಲ್ಲಿ ಗರಗಸ ಹಿಡಿದವರು ಯಾರು? ಬಹುಪಾಲು ದಿನಗೂಲಿಯ ಯುವಕರು. ಹೆಲ್ಮೆಟ್ ಇಲ್ಲ, ಕಿವಿಗೆ ಏನೂ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ರಸ್ತೆಗೆ ಬಿದ್ದ ಮರ ತೆಗೆದಾಗ ಎಲ್ಲರ ಹೀರೋ. ಕೇಸ್ ಆದಾಗ ಮೊದಲು ಸಿಗುವವನೂ ಅವನೇ, ನಾಟ ಕೊಂಡವನಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೆಲವು ಜಾತಿ ಬಿಟ್ಟು ಉಳಿದ ಮರ ಕಡಿಯಲು ಅನುಮತಿ ಬೇಕು ಎನ್ನುತ್ತದೆ. ಫಿಲಿಪ್ಪೀನ್ಸ್ 2002ರಲ್ಲಿ ಇನ್ನೂ ಮುಂದೆ ಹೋಗಿ, ಚೈನ್‌ಸಾ ಇಟ್ಟುಕೊಳ್ಳಲಿಕ್ಕೇ ನೋಂದಣಿ ಬೇಕು ಎಂಬ ಕಾನೂನು ತಂದಿತು. ಯಂತ್ರವನ್ನು ನೋಂದಾಯಿಸುವುದು ಸುಲಭ. ಯಂತ್ರವನ್ನು ಕಾಡಿಗೆ ಕಳಿಸಿದವನ ಹೆಸರು ಬರೆಸುವುದು ಕಷ್ಟ.

ಹಳೆಯ ಗರಗಸ ಬಿಚ್ಚುವಾಗ

ಯುರೋಪು, ಅಮೆರಿಕದಲ್ಲಿ ಬಿಎಲ್, ಕಾಂಟ್ರಾ ಹುಡುಕಿ ತಂದು ಮತ್ತೆ ಓಡಿಸುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ ಅದು ಹವ್ಯಾಸವಲ್ಲ, ಅನಿವಾರ್ಯ. ಹೊಸದಕ್ಕೆ ದುಡ್ಡಿಲ್ಲದವನು ಹಳೆಯದನ್ನು ರಿಪೇರಿಗೆ ತರುತ್ತಾನೆ. ಹಳೆಯ ಗರಗಸ ಸಾಮಾನ್ಯವಾಗಿ ಸಾಯುವುದು ಕಬ್ಬಿಣದಿಂದಲ್ಲ, ರಬ್ಬರಿನಿಂದ. ಡಯಾಫ್ರಮ್ ಗಟ್ಟಿಯಾಗುತ್ತದೆ, ಪೆಟ್ರೋಲ್ ಪೈಪು ಬಿರಿಯುತ್ತದೆ, ಕ್ರ್ಯಾಂಕಿನ ಸೀಲ್ ಸಡಿಲಾಗಿ ಗಾಳಿ ಎಳೆಯುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲಿನ ಜೊತೆ ಹೋಗುವ ಎಣ್ಣೆ ಸಾಲದೆ ಪಿಸ್ಟನ್ ಹಿಡಿಯುತ್ತದೆ. ಈಗ ಬಂಕ್‌ನಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರಿಗೆ ಇನ್ನೂ ಕೆಟ್ಟದ್ದು. ಮಲೆನಾಡಿನ ಗಾಳಿಯಲ್ಲಿನ ತೇವವನ್ನೂ ಅದು ಹೀರುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡುವುದು ಒಳ್ಳೆಯದು. ಈಗಿನ ಎಂಜಿನ್‌ಗೆ 50ಕ್ಕೆ 1 ಎಣ್ಣೆ ಸಾಕು, ಹಳೆಯವಕ್ಕೆ ಸಾಮಾನ್ಯವಾಗಿ 25ಕ್ಕೆ 1 ಬೇಕು. 1972ಕ್ಕಿಂತ ಹಿಂದಿನ ಮಾದರಿಗೆ ಚೈನ್ ಬ್ರೇಕ್ ಇರುವುದಿಲ್ಲ. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ನೇರ ಮುಖಕ್ಕೆ ಎಗರುತ್ತದೆ. ಅಂಥದ್ದನ್ನು ಓಡಿಸಿ ನೋಡಿ, ಇಟ್ಟುಕೊಳ್ಳಿ. ದಿನದ ಕೂಲಿಗೆ ಒಬ್ಬ ಹುಡುಗನ ಕೈಗೆ ಕೊಡಬೇಡಿ.

ರಿಪೇರಿಯೂ ರಾಜಕೀಯವೇ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿದಾಗ ಮೊಬೈಲ್, ವಾಹನಗಳ ಜೊತೆ ಕೃಷಿ ಉಪಕರಣವನ್ನೂ ಪಟ್ಟಿಗೆ ಸೇರಿಸಿತ್ತು. ಬಿಡಿಭಾಗ ಮತ್ತು ಮ್ಯಾನುಯಲ್ ಸಿಕ್ಕರೆ ಊರಿನ ಮೆಕ್ಯಾನಿಕ್ ಯಾವುದೇ ಗರಗಸಕ್ಕೆ 20 ವರ್ಷ ಆಯುಸ್ಸು ಕೊಡಬಲ್ಲ. ಸಿಗದಿದ್ದರೆ ಎರಡು ಮಳೆಗಾಲಕ್ಕೆ ಗುಜರಿ.

ಶ್ಟೀಲ್‌ನ ಯಂತ್ರವನ್ನು ಬಳಸಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೊರಟರೆ ಜರ್ಮನಿಯ ಅರ್ಧ ಕಾರುಗಳನ್ನೂ ಬಿಡಬೇಕಾದೀತು. ಆತ ಕಾರ್ಮಿಕನ ಹೆಗಲಿನಿಂದ 34 ಕೆಜಿ ಇಳಿಸಿದ್ದು ನಿಜ, ಎಸ್ಎಸ್ ಅರ್ಜಿಗೆ ಸಹಿ ಹಾಕಿದ್ದೂ ಅದೇ ಕೈ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಜೀವನಚರಿತ್ರೆ ಜಾಹೀರಾತಾಗುತ್ತದೆ, ಇಲ್ಲವೇ ಬೈಗುಳವಾಗುತ್ತದೆ. ಕ್ಲಚ್ ಹಾಗಿರಲಿ, ಕಾರ್ಬ್ಯುರೇಟರ್ ಹಾಗಿರಲಿ, ಈ ಕಾಡು ಕಡಿಸುತ್ತಿರುವುದು ಯಾರು, ನಾನು ಯಾರ ಜೊತೆ ಓಡುತ್ತಿದ್ದೇನೆ ಎಂದು ಕೇಳಿಕೊಳ್ಳಲು ಯಾವ ಎಂಜಿನಿಯರಿಂಗ್ ಪದವಿಯೂ ಅಡ್ಡ ಬರುವುದಿಲ್ಲ. ಆತ ಕೇಳಿಕೊಳ್ಳಲಿಲ್ಲ, ಅಥವಾ ಕೇಳಿಕೊಂಡೂ ಓಡಿದ. ನಮಗಿನ್ನೂ ಸಮಯವಿದೆ.